ದೇವೀರಮ್ಮನ ಬೇರೆ ಒಲೆ

೧೩ ಫೆಬ್ರವರಿ ೧೯೬೬, ಭಾನುವಾರ

ನನ್ನನ್ನು ಮಹಿಳಾ ಮಂಡಳಿಯ ಅಧ್ಯಕ್ಷೆ ಮಾಡಿಬಿಟ್ಟರು! ಮದುವೆಯಾಗಿ ಹದಿನೇಳು ದಿನ, ಈ ಊರಿಗೆ ಬಂದು ಆರು ದಿನ, ಆಗಲೇ ಅಧ್ಯಕ್ಷೆ! ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದರೂ ಸಿಸ್ಟರುಗಳು ನನ್ನನ್ನು ಕ್ಲಾಸ್ ಲೀಡರ್ ಕೂಡ ಮಾಡಿರಲಿಲ್ಲ. ಓಡಿಬಂದು ಇವರಿಗೆ ಹೇಳಿದರೆ, "ಬೇರೆ ಯಾರೂ ಒಪ್ಪಲಿಲ್ಲ, ಮಂಗಳಾ" ಎಂದು ನಕ್ಕರು. ನಗಲಿ! ನಗುವಾಗ ಇವರ ಎಡಗೆನ್ನೆಯಲ್ಲಿ ಬೀಳುವ ಗುಳಿಯನ್ನು ಈ ಹೋಬಳಿಯಲ್ಲಿ ನಾನೊಬ್ಬಳೇ ನೋಡಿರುವುದು.

ಇವತ್ತಿನಿಂದ ದಿನಚರಿ ಕನ್ನಡದಲ್ಲಿ. ಅಧ್ಯಕ್ಷೆಯಾದವಳು ಇಂಗ್ಲಿಷಿನಲ್ಲಿ ಯೋಚಿಸುತ್ತ ಕೂತರೆ ಹೇಗೆ?

ಪಾಳ್ಯದಿಂದ ಒಂದೂವರೆ ಮೈಲಿ ದೂರದ ಕೊಪ್ಪಲು ಇದು. ನಮ್ಮದು ಹೆಂಚಿನ ಮನೆ, ಎರಡು ಕೋಣೆ, ಹಿತ್ತಲಲ್ಲಿ ಮೋಟು ಮಣ್ಣಿನ ಗೋಡೆ. ಹೋದ ವರ್ಷ ಮಳೆ ಕೈಕೊಟ್ಟಿತಂತೆ. ಸಕಲೇಶಪುರದ ಕಡೆಯ ಎಸ್ಟೇಟಿನವರು ಕೂಲಿ ಲೈನಿನ ಮನೆಗಳಲ್ಲಿದ್ದ ಅರ್ಧ ಜನರನ್ನು ಕೆಲಸವಿಲ್ಲವೆಂದು ಕಳಿಸಿಬಿಟ್ಟಿದ್ದಾರೆ. ಅವರೆಲ್ಲ ಈಗ ಇಲ್ಲಿಗೆ ವಾಪಸ್ಸು ಬಂದು ಕೂತಿದ್ದಾರೆ. ಅವರಿಗೆ ಕೆಲಸ ಕೊಡಲೆಂದೇ ಸರ್ಕಾರ ಮಗ್ಗೆಯ ಕಡೆಗೆ ರಸ್ತೆ ಮಾಡಿಸುತ್ತಿದೆ. ಇನ್ನು ಅಮೆರಿಕದ ಕೆಂಪು ಜೋಳವೂ ಬರಲಿದೆ. ಈ ಎಲ್ಲದರ ಪರಿಹಾರಾಧಿಕಾರಿ ಯಾರು? ಶ್ರೀಮಾನ್ ಶಾಂತಮಲ್ಲಪ್ಪನವರು! (ಗಂಡನ ಹೆಸರು ಬರೆದೆ. ಅತ್ತೆಯವರು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ.)

೨೧ ಫೆಬ್ರವರಿ, ಸೋಮವಾರ

ಇವತ್ತು ಸಂಜೆ ಶಾಲೆಯ ಮುಂದೆ ಹರಿಕಥೆ! ಸರ್ಕಾರವೇ ಜೀಪಿನಲ್ಲಿ ದಾಸರನ್ನು ಕಳಿಸಿತ್ತು, ಜೊತೆಗೆ ಹಾರ್ಮೋನಿಯಂ, ಮೈಕು. ದೇಶಕ್ಕೆ ಆಹಾರ ಸಾಲದು, ಎಲ್ಲರೂ ಸೋಮವಾರ ರಾತ್ರಿಯ ಊಟ ಬಿಡಬೇಕು ಎಂಬುದು ಕಥೆಯ ಸಾರ. ದಾಸರು ಎಷ್ಟು ಚೆನ್ನಾಗಿ ಹಾಡಿದರೆಂದರೆ ನನಗೆ ಕಣ್ಣೀರೇ ಬಂತು. ಮನೆಗೆ ಬಂದು ನಾವಿಬ್ಬರೂ ಊಟ ಬಿಟ್ಟೆವು. ಒಂಬತ್ತೂವರೆಗೆ ಇವರು ಬಾಳೆಹಣ್ಣು ತಿನ್ನುತ್ತಿದ್ದಾಗ ಸಿಕ್ಕಿಬಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮ ಹಿತ್ತಲ ಗೋಡೆಯಾಚೆಯ ದೇವೀರಮ್ಮ. ಎಪ್ಪತ್ತು ದಾಟಿದ ವಿಧವೆ, ಕಡ್ಡಿಯಂತೆ ನೆಟ್ಟಗೆ ಕೂರುತ್ತಾಳೆ. ಮಗ ದ್ಯಾವಯ್ಯ ಎಸ್ಟೇಟಿನಿಂದ ವಾಪಸ್ಸು ಬಂದವರಲ್ಲಿ ಒಬ್ಬ. ಅವನ ಹೆಂಡತಿ ಮಾದೇವಮ್ಮ, ಮೂರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ರಸ್ತೆಯಲ್ಲಿ ಜಲ್ಲಿ ಒಡೆಯುತ್ತಾರೆ.

ಕಥೆ ಮುಗಿದ ಮೇಲೆ ಅಜ್ಜಿ ನನ್ನ ತೋಳು ತಿವಿದು ಕೇಳಿದಳು: "ಅಮ್ಮಾವ್ರೇ, ಆವಯ್ಯ ಸ್ವಾಮಾರ ಒಂದಿನ ಮಾತ್ರ ಬುಡಿ ಅಂದ್ರಾ?"

"ಹೌದಜ್ಜಿ, ಸೋಮವಾರ ರಾತ್ರಿ ಮಾತ್ರ."

"ಹಂಗಾದ್ರೆ ಮಿಕ್ಕಿದ್ದಿನ ಯಾರು ಹಾಕ್ತಾರಂತೆ, ಕೇಳಿ ಮತ್ತೆ."

ಸುತ್ತ ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಂಥ ಸ್ವೀಟ್ ಅಜ್ಜಿ!

೨ ಮಾರ್ಚ್, ಬುಧವಾರ

ಜೋಳದ ಚೀಟಿ ಕೊಡುವ ಕೆಲಸ ಶುರು. ಇವರಿಗೆ ಗುಮಾಸ್ತರಿಲ್ಲ. ನನ್ನ ಅಕ್ಷರ ದುಂಡಗಿದೆಯೆಂದು ಫಾರಂ ತುಂಬುವುದು ನಾನು, ಸಹಿ ಇವರದು. ಮೇಜಿನ ಒಂದೊಂದು ಬದಿಗೆ ಒಬ್ಬೊಬ್ಬರು ಕೂತಾಗ ಕಾಲಿಗೆ ಕಾಲು ತಾಗುತ್ತದೆ.

ನಿಯಮ ಹೀಗಿದೆ: ಒಲೆಗೊಂದು ಚೀಟಿ. ಒಂದು ಒಲೆಯಲ್ಲಿ ಇಬ್ಬರು ಉಂಡರೂ ಒಂದೇ, ಎಂಟು ಜನ ಉಂಡರೂ ಒಂದೇ. ದಿಕ್ಕಿಲ್ಲದ ಮುದುಕರಿಗೆ ಮಾತ್ರ ಜೋಳ ಪುಕ್ಕಟೆ. ದ್ಯಾವಯ್ಯ ಬಂದು ತಲೆ ಕೆರೆದುಕೊಂಡು ನಿಂತ. ಆರು ಜನಕ್ಕೆ ಒಂದು ಚೀಟಿಯ ಜೋಳ ಬುಧವಾರ ಬಂದರೆ ಶನಿವಾರಕ್ಕೆ ಮುಗಿಯುತ್ತದೆ ಎಂದ.

ಆಗ ನನಗೆ ಹೊಳೆಯಿತು! ಅಜ್ಜಿಗೆ ಬೇರೆ ಒಲೆ ಹೂಡಿಬಿಟ್ಟರೆ? ಅವರ ಹಿತ್ತಲಲ್ಲಿ ಆಡಿನ ಕೊಟ್ಟಿಗೆ ಖಾಲಿ ಬಿದ್ದಿದೆ. ಅಲ್ಲಿ ಮೂರು ಕಲ್ಲಿಟ್ಟರೆ ಆಯಿತು. ಅಜ್ಜಿ ಬೇರೆ, ಚೀಟಿ ಬೇರೆ, ಅದೂ ಪುಕ್ಕಟೆಯದು!

"ಮಗ ಎದುರಿಗೇ ನಿಂತಿದ್ದಾನಲ್ಲೇ" ಎಂದರು ಇವರು.

"ಒಲೆ ಬೇರೆಯಾದರೆ ಸಂಸಾರ ಬೇರೆ ಅಂತ ನಿಮ್ಮ ಸರ್ಕ್ಯುಲರಿನಲ್ಲೇ ಇದೆ. ಓದಲಾ?"

"ನಿನ್ನನ್ನು ಲಾಯರ್ ಮಾಡಬೇಕಿತ್ತು ಕಣೆ." ತುಸು ಹೊತ್ತು ಪೆನ್ನು ತಿರುಗಿಸುತ್ತ ಕೂತರು. ನಾನು ಮುಖ ಸಣ್ಣ ಮಾಡಿದೆ, ಸಹಿ ಹಾಕಿದರು. 'ನೋಡಿಕೊಳ್ಳುವವರು' ಎಂಬಲ್ಲಿ 'ಯಾರೂ ಇಲ್ಲ' ಎಂದು ನಾನೇ ದುಂಡಗೆ ಬರೆದೆ.

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತು. "ಒಲೆ ಬ್ಯಾರೆ ಮಾಡೋದು ಅಂದ್ರೆ ಆಟ ಅಲ್ಲ ಕಣವ್ವ. ಮನೆ ಒಡೆದಂಗೆ."

"ಸುಮ್ಮನೆ ತೋರಿಕೆಗಜ್ಜಿ."

"ತೋರಿಕೆಗೆ ಅಂತ ಬೆಂಕಿಗೆ ಗೊತ್ತಾಯ್ತದಾ?"

ಮೂಲೆಯಲ್ಲಿ ಚಿಕ್ಕ ಮೊಮ್ಮಗಳು ಖಾಲಿ ಬಟ್ಟಲು ನೆಕ್ಕುತ್ತ ಕೂತಿತ್ತು. ಅಜ್ಜಿ ಅದನ್ನು ನೋಡಿದಳು. ಆಮೇಲೆ "ಆಗ್ಲಿ, ಹೂಡಿ" ಎಂದಳು.

೪ ಮಾರ್ಚ್, ಶುಕ್ರವಾರ

ಎಂಥ ಚೆಂದದ ಪದ್ಧತಿ! ನಾನು ಮೂರು ಕಲ್ಲಿಟ್ಟು ಮುಗಿಸೋಣವೆಂದಿದ್ದೆ. ಅಜ್ಜಿ ಬಿಡಲಿಲ್ಲ. ಮಾಡಿದರೆ ಸರಿಯಾಗಿ ಮಾಡಬೇಕೆಂದು ಕೊಟ್ಟಿಗೆ ಸಾರಿಸಿ, ಒಲೆಗೆ ಕೆಮ್ಮಣ್ಣು ಬಳಿದು, ಮನೆಯ ಹಳೇ ಒಲೆಯಿಂದ ಮಡಕೆಯ ಚೂರಿನಲ್ಲಿ ಕೆಂಡ ತಂದಳು. ನೆರೆಯ ನಾಲ್ಕು ಜನ ನೋಡುತ್ತಿರಬೇಕಂತೆ. ಕೆಂಡ ಹೊರಗೆ ಬರುವಾಗ ದ್ಯಾವಯ್ಯ ಮುಖ ಆ ಕಡೆ ತಿರುಗಿಸಿಕೊಂಡ. ಮಾದೇವಮ್ಮ ಅತ್ತಳು. ನನಗಂತೂ ಸಿನಿಮಾ ನೋಡಿದ ಹಾಗಾಯಿತು.

ಬೇರೆ ಒಲೆಯವರು ಹಳೇ ಒಲೆಯಲ್ಲಿ ಉಣ್ಣುವ ಹಾಗಿಲ್ಲ. ಹಬ್ಬಕ್ಕೆ ಕರೆದರೆ ಮಾತ್ರ. ಕೊಡಬಹುದು, ಕೇಳುವ ಹಾಗಿಲ್ಲ. ನಮ್ಮ ನಿಯಮಕ್ಕೆ ಎಷ್ಟು ಚೆನ್ನಾಗಿ ಹೊಂದಿತು! ಬರುವಾಗ ನಾನು ಮಾದೇವಮ್ಮನಿಗೆ ತುಟಿಯ ಮೇಲೆ ಬೆರಳಿಟ್ಟು ಹೇಳಿದೆ: "ಅಜ್ಜಿ ನಿಮ್ಮನೇಲಿ ಉಣ್ಣೋದನ್ನ ಯಾರಾದರೂ ನೋಡಿದರೆ ಚೀಟಿ ಹೋಗುತ್ತೆ, ಹುಷಾರು!"

೧೨ ಮಾರ್ಚ್, ಶನಿವಾರ

ಮಹಿಳಾ ಮಂಡಳಿಯಲ್ಲಿ ನನ್ನ ಮೊದಲ ಪ್ರಾತ್ಯಕ್ಷಿಕೆ: ಕೆಂಪು ಜೋಳದ ಕಟ್ಲೆಟ್. ಹದಿನಾಲ್ಕು ಹೆಂಗಸರು ಬಂದಿದ್ದರು. ಕಟ್ಲೆಟ್ ಒಡೆದು ಪುಡಿಯಾಯಿತು, ಪುಡಿಯೂ ಉಳಿಯಲಿಲ್ಲ. ಒಬ್ಬಳು ಕೇಳಿದಳು, "ಅಮ್ಮಾವ್ರೇ, ಎಣ್ಣೆನೂ ಅಮೆರಿಕದೋರು ಕಳಿಸ್ತಾರಾ?" ಬರೆದು ಕೇಳುತ್ತೇನೆ ಎಂದೆ.

ದಿನಾ ಸಂಜೆ ಗೋಡೆಯಾಚೆ ಅಜ್ಜಿಯ ಒಲೆಯಿಂದ ಹೊಗೆ ಏಳುತ್ತದೆ. ನಾನು ಕಾಫಿ ಲೋಟ ಹಿಡಿದು ನೋಡುತ್ತ ನಿಲ್ಲುತ್ತೇನೆ. ಆ ಹೊಗೆ ನನ್ನದು! ನನ್ನ ತಲೆಯಿಂದ ಬಂದದ್ದು!

೨೩ ಮಾರ್ಚ್, ಬುಧವಾರ

ಮದುವೆಯಾದ ಮೇಲೆ ಮೊದಲ ಯುಗಾದಿ. ಇವರು ಬಾಳ್ಳುಪೇಟೆಯಿಂದ ನನಗೆ ನೀಲಿ ಸೀರೆ ತಂದಿದ್ದಾರೆ. ಅದನ್ನೇ ಉಟ್ಟು ಒಬ್ಬಟ್ಟು ಮಾಡಿದೆ. ಅಂಚು ಸ್ವಲ್ಪ ಗಟ್ಟಿಯಾಯಿತು.

ಅಜ್ಜಿಗೆ ಮೂರು ಕೊಟ್ಟುಬಂದೆ. ನನ್ನೆದುರು ತಿನ್ನಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು "ಆಮ್ಯಾಕೆ ತಿಂತೀನಿ, ಈಗ ಹೊಟ್ಟೆ ತುಂಬೈತೆ" ಎಂದಳು. ಮೂರು ಮೊಮ್ಮಕ್ಕಳ ಬಾಯಿಗೂ ಬೆಲ್ಲ ಅಂಟಿದ್ದನ್ನು ಆಮೇಲೆ ನೋಡಿದೆ. ನನ್ನ ಅಡಿಗೆ ಅಜ್ಜಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಹಲ್ಲಿಲ್ಲ, ಪಾಪ. ಮುಂದಿನ ಸಲ ಮೆತ್ತಗೆ ಮಾಡಬೇಕು.

ಹಬ್ಬಕ್ಕೆ ಮಗನ ಮನೆಯವರು ಕರೆಯಲಿಲ್ಲವೇ ಎಂದು ಕೇಳಿದೆ. "ಕರೆದ್ರು. ನೀವು ಬ್ಯಾಡ ಅಂದಿದ್ರಲ್ಲ ಅಂತ ನಾನೇ ಹೋಗ್ಲಿಲ್ಲ" ಎಂದಳು. ಎಷ್ಟು ಶಿಸ್ತು!

೩೦ ಮಾರ್ಚ್, ಬುಧವಾರ

ಒಲೆ ತನಿಖೆಗೆ ಮೇಲಿನ ಸಾಹೇಬರು ಬಂದಿದ್ದರು. ಸುಳ್ಳು ಚೀಟಿ ಬಹಳವಾಗಿವೆಯೆಂದು ದೂರಂತೆ. ಮನೆಮನೆಗೆ ಹೋಗಿ ಒಲೆಯ ಬೂದಿಯ ಮೇಲೆ ಅಂಗೈ ಹಿಡಿಯುತ್ತಾರೆ. ಬೂದಿ ತಣ್ಣಗಿದ್ದರೆ ಆ ಒಲೆ ಸುಳ್ಳು, ಚೀಟಿ ರದ್ದು. ಕೊಪ್ಪಲಿನಲ್ಲಿ ಐದು ರದ್ದಾದವು.

ಅಜ್ಜಿಯ ಬೂದಿ ಬಿಸಿಯಾಗಿತ್ತು! ಒಲೆಯ ಮೇಲೆ ಮಡಕೆ, ಮುಚ್ಚಳದ ಸಂದಿಯಲ್ಲಿ ಆವಿ. ಸಾಹೇಬರು "ಏನಜ್ಜಿ ಅಡಿಗೆ?" ಎಂದರು. "ಏನೈತೋ ಅದು ಸ್ವಾಮಿ" ಎಂದಳು. ಅವರು ನಕ್ಕು ಮುಂದೆ ಹೋದರು. ಇವರು ಬೆವರು ಒರೆಸಿಕೊಂಡರು.

ತನಿಖೆ ಇನ್ನು ಯಾವಾಗ ಬೇಕಾದರೂ ಬರಬಹುದು, ದಿನಾ ಒಲೆ ಉರಿಸಲೇಬೇಕು ಎಂದು ಅಜ್ಜಿಗೆ ಹೇಳಿದೆ. "ಉರಿಸ್ತೀನಿ ಕಣವ್ವ, ಪುಳ್ಳೆಗೇನು ಬರ" ಎಂದಳು. ಏಳುವಾಗ ನನ್ನ ಕೈ ಹಿಡಿದು ಎದ್ದಳು. ಹಿಂದೆ ಹಾಗೆ ಹಿಡಿದಿರಲಿಲ್ಲ.

೯ ಏಪ್ರಿಲ್, ಶನಿವಾರ

ಹೂಮಳೆ ಬರಲಿಲ್ಲ. ಕಾಫಿ ಹೂ ಬಿಡದಿದ್ದರೆ ಎಸ್ಟೇಟಿನವರು ಬರುವ ವರ್ಷವೂ ಜನ ಕರೆಯುವುದಿಲ್ಲ ಎಂದು ಇವರು ಹೇಳಿದರು. ಮೊದಲಿನ ಹಾಗೆ ಮಾತಾಡುವುದಿಲ್ಲ. ಉಂಡು ಫೈಲು ಹಿಡಿಯುತ್ತಾರೆ.

ಜೋಳದ ಲಾರಿ ಮೂರು ದಿನ ತಡವಾಗಿ ಇವತ್ತು ಬಂತು. ಬಾಳ್ಳುಪೇಟೆಯ ತಾಜುದ್ದೀನ್ ಸಾಬರ ಲಾರಿ ಅದು, ಅಳೆದುಕೊಡುವವರೂ ಅವರೇ. ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ತಪ್ಪು ತಿಳ್ಕೋಬೇಡಿ. ಆ ದೇವೀರಮ್ಮ ಜೋಳ ತಗೊಂಡು ಸೀದಾ ಮಗನ ಬಾಗಿಲಿಗೆ ಹೋಗ್ತದೆ. ಪ್ರತಿ ವಾರ ನೋಡ್ತಿದ್ದೀನಿ. ಪೂರಾ ಸುರಿದು ಖಾಲಿ ಚೀಲ ಕೊಡವಿಕೊಂಡು ಬರ್ತದೆ" ಎಂದರು.

"ಇರಲಿ ಸಾಬರೇ, ಅದಕ್ಕೇ ಅಲ್ಲವೇ ಚೀಟಿ ಮಾಡಿಸಿದ್ದು. ಯಾರಿಗೂ ಹೇಳಬೇಡಿ" ಎಂದೆ.

ಅವರು ನನ್ನನ್ನೇ ನೋಡಿದರು. "ನಾನು ಯಾಕಮ್ಮಾ ಹೇಳ್ಲಿ. ಅದು ಏನು ತಿಂತದೆ ಅಂತ ಕೇಳಿದೆ, ಅಷ್ಟೇ."

ಸಂಜೆ ಹೊಗೆ ಇತ್ತು. ಮಾದೇವಮ್ಮನನ್ನು ಗೋಡೆಯ ಹತ್ತಿರ ಕರೆದು ಕೇಳಿದೆ. "ನನ್ನ ಪಾಲು ಎತ್ತಿಟ್ಕೊಂಡಿವ್ನಿ ಅಂತೈತೆ ಅಮ್ಮಾವ್ರೇ. ನಾವು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋರು" ಎಂದಳು. ಸರಿ, ಎತ್ತಿಟ್ಟುಕೊಂಡಿರಬೇಕು. ನಾಳೆ ಹೋಗಿ ನೋಡುತ್ತೇನೆ.

೧೪ ಏಪ್ರಿಲ್, ಗುರುವಾರ

ಜ್ವರ ಬಂದು ಮಲಗಿದ್ದೆ. ಅಜ್ಜಿಯ ಕಡೆ ಹೋಗಲಾಗಲಿಲ್ಲ. ಕಿಟಕಿಯಿಂದ ಹೊಗೆ ಕಾಣುತ್ತಿತ್ತು.

೧೭ ಏಪ್ರಿಲ್, ಭಾನುವಾರ

ದೇವೀರಮ್ಮ ಸತ್ತಳು. ಬೆಳಿಗ್ಗೆ ಮಾದೇವಮ್ಮ ನೋಡಿದಾಗ ಒಲೆಯ ಪಕ್ಕದಲ್ಲಿ ಮಲಗಿದ ಹಾಗೆಯೇ ಇದ್ದಳಂತೆ.

ನಾನು ಹೋದೆ. ಒಲೆಯ ಮೇಲಿನ ಮಡಕೆಯನ್ನು ಮಾದೇವಮ್ಮ ಇಳಿಸಿ ನನ್ನ ಮುಂದೆ ಇಟ್ಟಳು. ನೀರು. ತಳದಲ್ಲಿ ಒಂದು ಹಿಡಿ ಹುಣಸೆ ಚಿಗುರು. ಎತ್ತಿಟ್ಟ ಜೋಳವನ್ನು ಇಬ್ಬರೂ ಹುಡುಕಿದೆವು. ಕೊಟ್ಟಿಗೆಯಲ್ಲಿ ಹುಡುಕುವುದಕ್ಕೆ ಜಾಗವೇ ಇಲ್ಲ.

೧೮ ಏಪ್ರಿಲ್, ಸೋಮವಾರ

ಮಣ್ಣು ಮಾಡಿದರು. ದ್ಯಾವಯ್ಯ ಊರಿನವರ ಮುಂದೆ, "ನಮ್ಮವ್ವನ್ನ ನನ್ನ ಒಲೆ ಮುಂದೆ ಕೂರಿಸಿ ಉಣ್ಣಿಸೋಕೆ ಆಗ್ಲಿಲ್ವಲ್ಲೋ" ಎಂದು ಹಣೆ ಚಚ್ಚಿಕೊಂಡ. ನನ್ನ ಹೆಸರು ಎತ್ತಲಿಲ್ಲ.

ಇವರು ಅಡಿಗೆಮನೆಗೆ ಬಂದು ನಿಂತರು. ಸಾವಿನ ಕಾರಣ 'ವಯಸ್ಸು' ಎಂದು ಬರೆದು ಕಳಿಸಿದ್ದಾರೆ. ನನ್ನ ತಲೆ ನೇವರಿಸಿದರು.

ಇವತ್ತು ರಾತ್ರಿಯ ಊಟ ಇಬ್ಬರೂ ಮಾಡಲಿಲ್ಲ.

೨೬ ಏಪ್ರಿಲ್, ಮಂಗಳವಾರ

ಯಾರೋ ಮೇಲಕ್ಕೆ ಅರ್ಜಿ ಹಾಕಿದ್ದಾರೆ, ಪರಿಹಾರದ ಜೋಳ ಬರುವ ಕೊಪ್ಪಲಿನಲ್ಲೇ ಮುದುಕಿ ಹಸಿದು ಸತ್ತಳೆಂದು. ಅದೇ ಸಾಹೇಬರು ಜೀಪಿನಲ್ಲಿ ಬಂದರು. ಫಾರಂ ತೆಗೆಸಿದರು. 'ನೋಡಿಕೊಳ್ಳುವವರು ಯಾರೂ ಇಲ್ಲ.' ಹಾಗಾದರೆ ಮಣ್ಣು ಮಾಡಿದ ಮಗ ಎಲ್ಲಿಂದ ಬಂದ ಎಂದು ಕೇಳಿದರು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ.

ಇವರು "ಆ ಮನೆಯವರು ಹೇಳಿದ ಹಾಗೆ ಬರೆದುಕೊಂಡೆವು ಸರ್" ಎಂದರು.

ದ್ಯಾವಯ್ಯ ಸರ್ಕಾರಕ್ಕೆ ಮೋಸ ಮಾಡಿ ಎರಡು ಚೀಟಿ ಪಡೆದ, ತಾಯಿಯನ್ನು ಹೊರಗೆ ಹಾಕಿ ಅವಳ ಜೋಳ ತಿಂದ. ಹೀಗೆ ಬರೆದುಕೊಂಡು ಹೋದರು. ಅವನ ಚೀಟಿ ರದ್ದು. ಗಂಡ ಹೆಂಡತಿ ಇಬ್ಬರಿಗೂ ರಸ್ತೆ ಕೆಲಸವಿಲ್ಲ. ಮೇ ಹತ್ತರಂದು ಶಾಲೆಯಲ್ಲಿ ವಿಚಾರಣೆ. ಅಲ್ಲಿ ತಪ್ಪು ರುಜುವಾದರೆ ಪೊಲೀಸ್ ಕೇಸು.

ನಾನು ಇವರನ್ನು ಕೇಳಿದೆ. "ಹೂಡಿಸಿದ್ದು ನಾನು, ಬರೆದದ್ದು ನಾನು. ಅದನ್ನು ಹೇಳಬಾರದೇ?"

"ನಿನ್ನ ಅಕ್ಷರ ಅಂತ ಯಾರಿಗೂ ಗೊತ್ತಿಲ್ಲ, ಮಂಗಳಾ. ಸಹಿ ನನ್ನದು. ಹೇಳಿದರೆ ನನ್ನ ಕೆಲಸ ಹೋಗುತ್ತೆ."

"ದ್ಯಾವಯ್ಯನದು ಹೋಯಿತಲ್ಲ."

"ಅವನಿಗೆ ಎಲ್ಲಾದರೂ ಕೂಲಿ ಸಿಗುತ್ತೆ."

ಎಲ್ಲಿ ಎಂದು ಕೇಳಲಿಲ್ಲ. ಎಲ್ಲೂ ಇಲ್ಲವೆಂದು ಇವರಿಗೂ ಗೊತ್ತು.

೧ ಮೇ, ಭಾನುವಾರ

ನನಗೆ ವಿಶ್ರಾಂತಿ ಬೇಕೆಂದು ಇವರು ಅಮ್ಮನಿಗೆ ಬರೆದಿದ್ದಾರೆ. ನಾಳೆ ಮೈಸೂರಿಗೆ. ವಿಚಾರಣೆ ಮುಗಿದ ಮೇಲೆ ಬಾ ಎಂದರು. ನಾನೇ ಅವತ್ತು ಮುಖ ಸಣ್ಣ ಮಾಡಿ ಸಹಿ ಹಾಕಿಸಿದ್ದು. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ಅದು ಅಡ್ಡ ಬರುತ್ತದೆ.

ಗೋಡೆಯ ಹತ್ತಿರ ಮಾದೇವಮ್ಮ ಬಂದಳು. ಕೆಲಸದವರ ಪಟ್ಟಿಯಿಂದ ಹೆಸರು ಹೊಡೆದುಹಾಕಿದ ಮೇಲೆ ಒಂದೇ ವಾರದಲ್ಲಿ ಎಷ್ಟು ಇಳಿದುಹೋಗಿದ್ದಾಳೆ.

"ಊರಿಗೆ ಹೊಂಟ್ರಂತೆ."

"ಹೂಂ."

"ನಮ್ಮನೆಯೋರು ನಿಮ್ಮ ಹೆಸರು ಹೇಳಾಕಿಲ್ಲ ಅಂತಾರೆ. ಅವ್ವ ನಿಮ್ಮನ್ನ ಮಗಳಂಗೆ ನೋಡ್ತಿತ್ತು, ನಾನೆಂಗೆ ಹೇಳ್ಲಿ ಅಂತಾರೆ. ನಾನು ಮೂರು ಮಕ್ಕಳ ತಾಯಿ, ನನಗೆ ಅಂಥ ಮರ್ಯಾದೆ ಇಲ್ಲ. ನೀವೇ ಹೇಳ್ಬುಡಿ ಅಮ್ಮಾವ್ರೇ. ಒಲೆ ಹೂಡ್ಸಿದ್ದು ನಾನು ಅಂತ ಒಂದು ಮಾತು. ಆ ಚೀಟಿ ಒಂದು ವಾಪಸ್ಸು ಕೊಟ್ರೆ ಸಾಕು. ಇಲ್ದಿದ್ರೆ ಈ ಮಕ್ಕಳೂ ನೀರೇ ಕಾಯಿಸ್ಬೇಕು."

ವಿಚಾರಣೆಯ ದಿನಕ್ಕೆ ಬರುತ್ತೇನೆ ಎಂದೆ. ಹಾಗೆ ಹೇಳಿದ್ದು ಅವಳು ಗೋಡೆಯ ಹತ್ತಿರದಿಂದ ಹೋಗಲಿ ಎಂದು. ಅವಳಿಗೂ ಅದು ತಿಳಿಯಿತು. "ಬಾಳೆಹಣ್ಣಿನಂಗೆ ಮೆತ್ತಗಿತ್ತು ನಿಮ್ಮ ಮನಸ್ಸು, ಬಂದಾಗ" ಎಂದಳು, ಹೋದಳು.

೬ ಮೇ, ಶುಕ್ರವಾರ. ಮೈಸೂರು

ಅಮ್ಮ ದಿನಕ್ಕೆ ಎರಡು ಸಲ ತಲೆಗೆ ಎಣ್ಣೆ ಹಚ್ಚುತ್ತಾಳೆ. ತೆಳ್ಳಗಾಗಿದ್ದೀಯ, ಆ ಊರಿನಲ್ಲಿ ಏನು ತಿನ್ನುತ್ತಿದ್ದೆ ಎಂದು ಕೇಳುತ್ತಾಳೆ. ಅನ್ನ, ಸಾರು, ಪಲ್ಯ, ಮೊಸರು ಎಂದೆ. ನಿಜವನ್ನೇ ಹೇಳಿದೆ.

ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಗಂಡನ ಅನ್ನ ಕಳೆಯುವ ಮಾತು ಆಡಬಾರದು ಮಗು. ಆಗಿದ್ದು ಆಗಿಹೋಯಿತು" ಎಂದರು. ಅಮ್ಮ ತಲೆಬಾಗಿಲು ಮುಂದಕ್ಕೆ ಹಾಕಿದಳು, ಪಕ್ಕದ ಮನೆಯವರಿಗೆ ಕೇಳಿಸೀತೆಂದು.

ಆದರೆ ಆಗಿಹೋಗಿಲ್ಲ. ಮಂಗಳವಾರದ ವಿಚಾರಣೆಯಲ್ಲಿ ಆಗುತ್ತದೆ.

೭ ಮೇ, ಶನಿವಾರ

ಕಾಗದ ತೆಗೆದುಕೊಂಡು ಬರೆಯಲು ಕೂತೆ. ನಾಲ್ಕು ಸಾಲು ಬಂತು. ದೇವೀರಮ್ಮನಿಗೆ ಬೇರೆ ಒಲೆ ಹೂಡಲು ಹೇಳಿದವಳು ನಾನು. 'ಯಾರೂ ಇಲ್ಲ' ಎಂದು ಬರೆದ ಅಕ್ಷರ ನನ್ನದು. ಮಗನ ಮನೆಯಲ್ಲಿ ಉಣ್ಣಬಾರದೆಂದು ತಾಕೀತು ಮಾಡಿದವಳೂ ನಾನು. ದ್ಯಾವಯ್ಯ ಯಾವ ಸುಳ್ಳನ್ನೂ ಹೇಳಲಿಲ್ಲ. ಕೆಳಗೆ ಸಹಿ ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡೆ. ಅಂಚೆಗೆ ಹಾಕಿದರೆ ಕಳೆದುಹೋಯಿತು ಎನ್ನಬಹುದು. ಸಾಹೇಬರ ಎದುರಿಗೆ ನಿಂತು ಅವರ ಮುಂದೆಯೇ ಅದೇ ಅಕ್ಷರ ಬರೆದು ತೋರಿಸಿದರೆ ಏನೆನ್ನುತ್ತಾರೆ?

ಇವರ ಕೆಲಸ ಹೋಗುತ್ತದೆ. ಆಮೇಲೆ ನನ್ನನ್ನು ಮನೆಯೊಳಗೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಬಹಳ ಹೊತ್ತು ಅದನ್ನೇ ಯೋಚಿಸಿದೆ. ಆಮೇಲೆ ಊಟಕ್ಕೆ ಕರೆದರು, ಹೋಗಿ ಉಂಡೆ.

ಮಧ್ಯಾಹ್ನ ಅಮ್ಮ ಮಲಗಿದಾಗ ತಾರು ಆಫೀಸಿಗೆ ಹೋಗಿ ಇವರಿಗೆ ತಂತಿ ಕೊಟ್ಟುಬಂದೆ. ಅಪ್ಪನಿಗೆ ರಾತ್ರಿ ಹೇಳುತ್ತೇನೆ. ತಂತಿಯಲ್ಲಿ ವಿಚಾರಣೆಯ ವಿಷಯ ಬರೆಯಲಿಲ್ಲ, ಕ್ಷಮಿಸಿ ಎಂದೂ ಬರೆಯಲಿಲ್ಲ. ಬರೆದದ್ದು ಇಷ್ಟು: ಸೋಮವಾರ, ಅರಸೀಕೆರೆ ಪ್ಯಾಸೆಂಜರಿನಲ್ಲಿ ಹಾಸನಕ್ಕೆ ಬರುತ್ತೇನೆ.